ಎರಡು ಬಾಣ, ಒಂದು ಹೆಸರು

ನಾಯಂಡಹಳ್ಳಿ
ಶನಿವಾರ, 5 ಜುಲೈ 2025

ಕೂಸಿಗೆ,

ರೊಟ್ಟಿಯ ಗಂಟಿನಲ್ಲಿ ಕಾಗದ ಕಂಡು ಗಾಬರಿಯಾಗಬೇಡ. ಮೇಲಿನ ಹತ್ತು ರೊಟ್ಟಿ ನಿನಗೆ, ಉಳಿದದ್ದು ನಿಮ್ಮ ಹಾಸ್ಟೆಲಿನ ಅಡುಗೆಮನೆಗೆ. ಅಲ್ಲಿನ ಅಡುಗೆಯ ಶಿವಗಂಗಮ್ಮನವರು ಶನಿವಾರ ರೊಟ್ಟಿ ಒಯ್ಯಲು ಬಂದಾಗಲೆಲ್ಲ ನಿನ್ನ ಸುದ್ದಿ ಕೇಳುತ್ತೇನೆ. "ಚೆನ್ನಾಗವ್ಳೆ ಕಣವ್ವಾ, ಊಟ ಮಾತ್ರ ಕೋಳಿ ಕೆದಕ್ದಂಗೆ ಕೆದಕ್ತಾಳೆ" ಎಂದರು. ನಾಯಂಡಹಳ್ಳಿಗೂ ಉಲ್ಲಾಳಕ್ಕೂ ಎಷ್ಟು ದೂರ ಹೇಳು, ಆದರೂ ಮಗಳ ಊಟದ ಸುದ್ದಿ ಇನ್ನೊಬ್ಬರ ಬಾಯಿಂದ ಕೇಳಬೇಕಾಗಿದೆ.

ನೀನು ಮನೆ ಬಿಟ್ಟು ಮೂರು ವಾರವಾಯಿತು. "ನನ್ನ ಹೆಸರ ಹಿಡಿದು ಕರಿಯೋ ದಿನ ಫೋನ್ ಮಾಡು, ಅಲ್ಲೀತನಕ ಬ್ಯಾಡ" ಎಂದು ಹೇಳಿ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೆಯವರೆಗೆ. ಮಾತಾಡಿದರೆ ಊರಿನ ಭಾಷೆ, ಪೆನ್ನು ಹಿಡಿದರೆ ಶಾಲೆಯ ಭಾಷೆ. ಮಾಸ್ತರರು ಎದುರಿಗೆ ನಿಂತ ಹಾಗಾಗುತ್ತದೆ.

ಆ ದಿನ ನಿನ್ನ ಕಾಲೇಜಿನ ಕಚೇರಿಯಲ್ಲಿ ಸೋಮಲಿಂಗಪ್ಪ ಸಾಹೇಬರು "ನಿಮ್ ಮಗಳ ಹೆಸರೇನಮ್ಮಾ?" ಎಂದಾಗ ನನ್ನ ನಾಲಿಗೆ ಏಳಲಿಲ್ಲ. ನಿನಗೆ ಇಟ್ಟಿರುವುದು ನನ್ನ ಅತ್ತೆಯ ಹೆಸರು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಂದ ಎತ್ತಬಾರದು ಎಂದು ಹದಿನೆಂಟನೆಯ ವಯಸ್ಸಿನಲ್ಲಿ ಕಲಿತ ಬಾಯಿ ಇದು. ಮುತ್ತಿನ ಸರಕ್ಕೂ ಬಿಳಿ ಮಣಿ ಎನ್ನುತ್ತಿದ್ದೆ. ನಿನ್ನನ್ನು ಚಿಕ್ಕವಳಿದ್ದಾಗ ಎಷ್ಟು ಮುದ್ದಾಡಿದ್ದೇನೆ, ಆದರೆ ಮುತ್ತು ಕೊಡು ಎಂದು ಒಂದು ಸಲವೂ ಕೇಳಿಲ್ಲ. ಕೈ ಚಾಚಿ ಕೆನ್ನೆ ತೋರಿಸುತ್ತಿದ್ದೆ, ಅಷ್ಟೆ.

ಶೇಂಗಾ ಚಟ್ನಿ ಬೇರೆ ಪೊಟ್ಟಣದಲ್ಲಿದೆ.

ನಿನ್ನ ಅವ್ವ
ಗುರವ್ವ

*

ಉಲ್ಲಾಳ
12 ಜುಲೈ 2025

ಅವ್ವ,

ಕಾಗದ ಸಿಕ್ಕಿತು. ರೊಟ್ಟಿಯನ್ನು ರೂಮಿನವರೆಲ್ಲ ಸೇರಿ ಎರಡೇ ದಿನಕ್ಕೆ ಮುಗಿಸಿದರು. 'ಕೂಸಿಗೆ' ಎಂದು ಬರೆದಿದ್ದೀಯ. ಕೂಸಿಗೆ ಇಪ್ಪತ್ತೈದು ತುಂಬಿದೆ, ಅದರ ಮುಂದೆ ಎಪ್ಪತ್ತು ಹುಡುಗ ಹುಡುಗಿಯರು ಕೂತು ಗಣಿತ ಕಲಿಯುತ್ತಾರೆ.

ಅವರಿಗೆ ಹೇಳಿಕೊಡುವ ಹಾಗೇ ನಿನಗೂ ಬರೆಯುತ್ತೇನೆ. ಆಗ ಸಿಟ್ಟು ಸ್ವಲ್ಪ ಹತೋಟಿಯಲ್ಲಿರುತ್ತದೆ.

ದತ್ತ: ಅಪ್ಪ ಇಟ್ಟ ಹೆಸರು ಮುತ್ತವ್ವ. ಅಂಕಪಟ್ಟಿಗಳಲ್ಲೆಲ್ಲ ಅದೇ ಇದೆ. ಆಧಾರ್ ಕ್ಯಾಂಪಿಗೆ ಹೋದ ದಿನ ಅಪ್ಪ ಗೋಡೌನ್ ಕೆಲಸದಲ್ಲಿದ್ದ. ನನಗೆ ಮಂಗನಬಾವು, ಬಾಯಿ ಬಿಡಲಾಗುತ್ತಿರಲಿಲ್ಲ. ಮಗುವಿನ ಹೆಸರೇನು ಎಂದು ಕೇಳಿದರು. ನೀನು ಒದ್ದಾಡಿದೆ. ಸಾಲಿನಲ್ಲಿ ನಮ್ಮ ಮುಂದಿದ್ದ ಹುಡುಗಿಯನ್ನು ಅವಳ ತಾಯಿ ಶಿಲ್ಪಾ ಎಂದು ಕೂಗಿದ್ದು ನೆನಪಾಗಿ, ಅದನ್ನೇ ಹೇಳಿಬಿಟ್ಟೆ. ಹೀಗೆ ಯಾರದೋ ಮನೆಯ ಹೆಸರು ನನ್ನ ಮೇಲೆ ಬಂದು ಕೂತಿತು.

ಸಾಧನೀಯ: ಈ ಮುತ್ತವ್ವ, ಆ ಶಿಲ್ಪಾ ಇಬ್ಬರೂ ಒಬ್ಬಳೇ. ರಾಜಾಜಿನಗರದ ಈ ಕಾಲೇಜಿನಲ್ಲಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದ ಮೇಲೆ ಕಾಯಂ ಆಗುವ ಅವಕಾಶ ಬಂದಿದೆ. ತಾಯಿ ಎದುರಿಗೆ ನಿಂತು ಬಾಯಾರೆ ಹೇಳಬೇಕು ಎನ್ನುತ್ತಾರೆ ಸಾಹೇಬರು. "ಪದ್ಧತಿ ಅಂತ ಫೈಲಲ್ಲಿ ಬರೆಯೋಕಾಗುತ್ತೇನಮ್ಮಾ?" ಎಂದು ನನ್ನನ್ನೇ ಕೇಳಿದರು. ಕೊನೆಯ ದಿನ ಅಕ್ಟೋಬರ್ 13, ಸೋಮವಾರ.

ಸಾಧನೆ ನಿನ್ನ ಬಾಯಲ್ಲಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವಳು ಹೆತ್ತ ತಾಯಿ ಎಂದು ಯಾರಿಗೆ ಹೇಳಲಿ?

ಈ ವಾರ ತರಗತಿಯಲ್ಲಿ ಫಂಕ್ಷನ್ ಪಾಠ. ಮದುವೆ ಮನೆಯದಲ್ಲ, ಗಣಿತದ್ದು. ಬೋರ್ಡಿನ ಮೇಲೆ ಎರಡು ವೃತ್ತ ಬರೆದೆ. ಎಡಗಡೆ ಹುಡುಗರ ಹೆಸರು, ಬಲಗಡೆ ಇವತ್ತು ಬೆಳಿಗ್ಗೆ ಅವರು ಬಸ್ಸು ಹತ್ತಿದ ಸ್ಟಾಪು. ಒಬ್ಬೊಬ್ಬರಿಂದ ಒಂದೊಂದು ಬಾಣ. ಶ್ರೀಗಂಧದ ಕಾವಲಿನಿಂದ ಮೂವರು ಬರುತ್ತಾರೆ. ಮೂರು ಬಾಣ ಒಂದೇ ಸ್ಟಾಪಿಗೆ ಹೋದವು. ಅದು ತಪ್ಪಲ್ಲ. ಒಬ್ಬನಿಂದಲೇ ಎರಡು ಬಾಣ ಹೊರಟರೆ ಮಾತ್ರ ಅದು ಫಂಕ್ಷನ್ ಅಲ್ಲ. ಒಂದೇ ಬೆಳಿಗ್ಗೆ ಒಬ್ಬ ಎರಡು ಕಡೆ ಬಸ್ಸು ಹತ್ತಲಾರ. ಇಷ್ಟೇ ಪಾಠ. ಇದನ್ನು ಹೇಳುವಾಗ ನನ್ನ ಸೀಮೆಸುಣ್ಣ ಎರಡು ಸಲ ಮುರಿಯಿತು.

ನಿನ್ನ ಮಗಳು
(ಹೆಸರು ನಿನಗೆ ಗೊತ್ತಿದೆ)

*

ನಾಯಂಡಹಳ್ಳಿ
26 ಜುಲೈ 2025

ಕೂಸಿಗೆ,

ಮಂಗಳವಾರ ಪಂಚಮಿ. ಎಳ್ಳುಂಡಿ, ಶೇಂಗಾ ಉಂಡಿ ಕಳಿಸಿದ್ದೇನೆ. ಶೇಂಗಾದ್ದು ಒಂದೆರಡು ಒಡೆದಿರಬಹುದು, ಬೆಲ್ಲದ ಪಾಕ ಸ್ವಲ್ಪ ಮುಂದೆ ಹೋಯಿತು. ನಿನ್ನ ಕಾಗದದ ಬಗ್ಗೆ ಯೋಚಿಸುತ್ತ ಕೂತರೆ ಪಾಕ ನಿಲ್ಲುತ್ತದೆಯೇ?

ನೀನು ಹೇಳಿದ ಪಾಠವನ್ನು ನಾನೂ ಮಾಡಿದೆ. ರೊಟ್ಟಿ ತಟ್ಟಿ ಮುಗಿದ ಮೇಲೆ ಹಲಗೆಯ ಮೇಲೆ ಹಿಟ್ಟು ಉಳಿದಿರುತ್ತದಲ್ಲ, ಅದರಲ್ಲಿ ಬೆರಳಿನಿಂದ ಎರಡು ವೃತ್ತ ಬರೆದೆ. ಎಡಗಡೆ ನಾನು, ನಿನ್ನಪ್ಪ, ನೀನು, ನಿನ್ನ ಅಜ್ಜಿ. ಬಲಗಡೆ ಹೆಸರುಗಳು. ನನ್ನದು ಬರೆದೆ. ನಿನ್ನಪ್ಪನದನ್ನು ಬರೆಯಲು ನಾಚಿಕೆಯಾಗಿ ಅಲ್ಲಿ ಒಂದು ಗುಂಡಿ ಇಟ್ಟೆ, ಅವನ ಹಳೆಯ ಅಂಗಿಯದು. ಅತ್ತೆಯ ಹೆಸರಿನ ಜಾಗದಲ್ಲಿ ಒಂದು ಜೋಳದ ಕಾಳು ಇಟ್ಟೆ.

ಅತ್ತೆಯಿಂದ ಒಂದು ಬಾಣ ಕಾಳಿಗೆ ಹೋಯಿತು. ನಿನ್ನಿಂದ ಒಂದು ಬಾಣ, ಅದೂ ಕಾಳಿಗೇ ಹೋಯಿತು. ಇಬ್ಬರು ಒಂದೇ ಕಡೆ ಬಂದರೆ ತಪ್ಪಲ್ಲ ಎಂದು ನೀನೇ ಬರೆದಿದ್ದೀಯ. ನನಗೆ ಸಮಾಧಾನವಾಯಿತು. ಆದರೆ ನಿನ್ನಿಂದ ಇನ್ನೊಂದು ಬಾಣ ಶಿಲ್ಪಾ ಕಡೆಗೂ ಹೊರಟಿತು. ಅದನ್ನು ಎಳೆದವಳು ನಾನು. ತಪ್ಪು ನನ್ನದು. ಬೆರಳಿನಿಂದ ಒರೆಸಿದರೆ ಹಿಟ್ಟಿನಲ್ಲಿ ಇನ್ನೂ ಅಗಲವಾಯಿತು.

ಆಮೇಲೆ ಬಾಣಗಳನ್ನು ತಿರುಗಿಸಿ ನೋಡಿದೆ. ಕಾಳಿನಿಂದ ಹೊರಟರೆ ನಿನ್ನ ಹತ್ತಿರವೂ ಹೋಗಬೇಕು, ಅತ್ತೆಯ ಹತ್ತಿರವೂ ಹೋಗಬೇಕು. ಹಾಗಾದರೆ ನಾನು ಆ ಹೆಸರು ಹಿಡಿದು ಕರೆದರೆ ಬರುವವರು ಯಾರು? ಇದಕ್ಕೆ ನಿಮ್ಮ ಪುಸ್ತಕದಲ್ಲಿ ಉತ್ತರವಿದೆಯೇ?

ನಾನು ಯೋಚಿಸುತ್ತಿರುವಾಗಲೇ ಕಿಟಕಿಯಿಂದ ಒಂದು ಪಾರಿವಾಳ ಬಂದು ಕಾಳನ್ನು ಹೆಕ್ಕಿಕೊಂಡು ಹೋಯಿತು. ಗುಂಡಿಯನ್ನು ಬಿಟ್ಟು ಹೋಯಿತು, ಅಷ್ಟು ಪುಣ್ಯ.

ನಿನ್ನ ಅವ್ವ

*

ಉಲ್ಲಾಳ
9 ಆಗಸ್ಟ್ 2025

ಅವ್ವ,

ನೀನು ಕೇಳಿದ ಪ್ರಶ್ನೆ ನಮ್ಮ ಹುಡುಗರಿಗೆ ಮುಂದಿನ ವರ್ಷ ಬರುತ್ತದೆ. ಏಳನೆಯ ತರಗತಿಯವರು ಎರಡನೆಯ ಪಿಯುಸಿಯ ಪಾಠಕ್ಕೆ ಕೈ ಹಾಕಬಾರದು. ಬಾಣ ತಿರುಗಿಸಿದಾಗ ಒಂದರಿಂದ ಎರಡು ಹೊರಟರೆ, ಆ ದಾರಿಯಲ್ಲಿ ವಾಪಸು ಬರಲಾಗುವುದಿಲ್ಲ ಎನ್ನುತ್ತದೆ ಪುಸ್ತಕ. ಅಷ್ಟೇ ಉತ್ತರ. ಉಂಡಿ ಚೆನ್ನಾಗಿತ್ತು. ಒಡೆದದ್ದೇ ಜಾಸ್ತಿ ರುಚಿಯಾಗಿತ್ತು.

ನಿನ್ನೆ ಗ್ರಾಫ್ ಪಾಠ. ಗೆರೆಯೊಂದು ಫಂಕ್ಷನ್ ಹೌದೋ ಅಲ್ಲವೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಮೆಲ್ಲಗೆ ಜರುಗಿಸಬೇಕು. ಎಲ್ಲಿಯೂ ಗೆರೆ ಸ್ಕೇಲಿಗೆ ಎರಡು ಕಡೆ ತಾಗಬಾರದು. ಗುಡ್ಡದ ಹಾಗೆ ಏರಿ ಇಳಿಯುವ ಗೆರೆ ಪಾಸಾಗುತ್ತದೆ. ವೃತ್ತ ಪಾಸಾಗುವುದಿಲ್ಲ, ಮೇಲೊಂದು ಕೆಳಗೊಂದು ಎರಡು ಕಡೆ ತಾಗುತ್ತದೆ.

ನಮ್ಮ ಕ್ಲಾಸಿನ ಕಿಟಕಿಗೆ ನೆಟ್ಟನೆಯ ಸರಳುಗಳಿವೆ. ಮಧ್ಯಾಹ್ನ ಅವುಗಳ ನೆರಳು ಬೋರ್ಡಿನ ಮೇಲೆ ಬೀಳುತ್ತದೆ. ನಾನು ಸ್ಕೇಲು ಕೆಳಗಿಟ್ಟೆ. ಒಂದು ಸರಳಿನ ನೆರಳು ನಾನು ಬರೆದ ವೃತ್ತದ ಅಂಚಿಗೆ ಬಂದು, ನಿಧಾನವಾಗಿ ಒಳಗೆ ಸರಿಯಿತು. ಎಪ್ಪತ್ತು ಜನ ಸುಮ್ಮನೆ ಕೂತು ಒಂದು ನೆರಳು ನಡೆಯುವುದನ್ನು ನೋಡಿದೆವು. ಗಂಟೆ ಹೊಡೆದದ್ದೂ ತಿಳಿಯಲಿಲ್ಲ.

ಆಮೇಲೆ ಮುಂದಿನ ಬೆಂಚಿನ ಅನಘಾ ಎದ್ದು ನಿಂತಳು. "ಮಿಸ್, ಅಟೆಂಡೆನ್ಸ್ ಬುಕ್ಕಲ್ಲಿ ನೀವು ಮುತ್ತವ್ವ. ಫೋನಲ್ಲಿ ಶಿಲ್ಪಾ ಅಂತ ಬರುತ್ತೆ. ಹಂಗಾದ್ರೆ ನೀವು ಫಂಕ್ಷನ್ ಅಲ್ವಲ್ಲ ಮಿಸ್?" ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, "ಕರೆಕ್ಟ್, ಫುಲ್ ಮಾರ್ಕ್ಸ್" ಎಂದೆ. ಸ್ಟಾಫ್ ರೂಮಿಗೆ ಬಂದು ಅತ್ತುಬಿಟ್ಟೆ.

ಅಪ್ಪ ಇದ್ದಾಗ ಮನೆಯಲ್ಲಿ ದಿನಕ್ಕೆ ಹತ್ತು ಸಲ ನನ್ನ ಹೆಸರು ಕೇಳುತ್ತಿತ್ತು. ಅವನು ಹೋದ ಮೇಲೆ ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನನಗೆ ಹೆಸರಿಲ್ಲ ಅವ್ವ. ಕಾಲೇಜಿನಲ್ಲಿ ಮಿಸ್, ಬ್ಯಾಂಕಿನಲ್ಲಿ ಶಿಲ್ಪಾ, ಮನೆಯಲ್ಲಿ 'ಏ ಕೂಸ'. ಕೆಲಸದ ಸಂಕಟ ಒಂದು ಕಡೆ ಇರಲಿ. ನನಗೆ ನೀನು ಕರೆಯುವುದನ್ನು ಒಂದು ಸಲ ಕೇಳಬೇಕು.

ನಿನ್ನ ಮಗಳು

*

ನಾಯಂಡಹಳ್ಳಿ
23 ಆಗಸ್ಟ್ 2025

ಕೂಸಿಗೆ,

ನಿನ್ನ ಕಾಗದ ಓದಿ ಎರಡು ದಿನ ರೊಟ್ಟಿ ಸರಿಯಾಗಿ ಉಬ್ಬಲಿಲ್ಲ. ಶಿವಗಂಗಮ್ಮನವರು "ಏನವ್ವಾ, ಈ ಸಲ ರೊಟ್ಟಿ ಮುನಿಸ್ಕೊಂಡವೆ" ಎಂದರು.

ಮೊನ್ನೆ ಮಧ್ಯಾಹ್ನ ಒಲೆ ಆರಿಸಿ ಗೋಡೆಗೆ ಒರಗಿದ್ದೆ, ಜೊಂಪು ಹತ್ತಿತು. ನಾನು ನಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತಿದ್ದೇನೆ. ರೈಲು ಬಂತು. ಒಳಗೆ ಯಾರೂ ಇಲ್ಲ, ಅತ್ತೆಯೊಬ್ಬಳೇ ಕಿಟಕಿಯ ಪಕ್ಕ ಕೂತಿದ್ದಾಳೆ. ಅದೇ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಒಂದು ಮೊರ. ಮೊರದಲ್ಲಿ ಜೋಳ. ಕಾಳನ್ನು ಕೇರುತ್ತಾಳೆ, ಸಪ್ಪಳವೇ ಇಲ್ಲ. ತಲೆ ಎತ್ತಿ "ನನ್ನ ಕರದ್ಯಾ?" ಎಂದಳು. ಇಲ್ಲ ಎನ್ನಬೇಕು, ನನ್ನ ಬಾಯಿ ತುಂಬ ಒಣ ಹಿಟ್ಟು. ಬಾಗಿಲು ಮುಚ್ಚಿತು. ರೈಲು ಮೈಸೂರು ರಸ್ತೆಯ ಮೇಲೆ ತೇಲಿಕೊಂಡು ಹೋಯಿತು, ಕೆಳಗಿನ ಲಾರಿಗಳೆಲ್ಲ ಆಟದ ಸಾಮಾನಿನ ಹಾಗೆ ಕಂಡವು. ಮೊರದಿಂದ ಹಾರಿದ ಹೊಟ್ಟು ಮಾತ್ರ ಬಹಳ ಹೊತ್ತು ಸ್ಟೇಷನ್ನಿನಲ್ಲೇ ಸುಳಿದಾಡುತ್ತಿತ್ತು.

ನೀನು ನನ್ನನ್ನು ಹಳೆಯ ಕಾಲದವಳು, ಪದ್ಧತಿಗೆ ಹೆದರುವವಳು ಎಂದುಕೊಂಡಿದ್ದೀಯ. ಪದ್ಧತಿ ಹೌದು. ಆದರೆ ಅಷ್ಟೇ ಅಲ್ಲ. ಅವಳು ಒಂದು ಸಲ ನನ್ನ ಹತ್ತಿರ ಒಂದನ್ನು ಕೇಳಿದ್ದಳು. ನಾನು ಕೊಡಲಿಲ್ಲ.

ಇದನ್ನು ಇಲ್ಲಿಗೇ ಬಿಡುತ್ತೇನೆ. ಹಂಚು ಕಾದಿದೆ.

ನಿನ್ನ ಅವ್ವ

*

ಉಲ್ಲಾಳ
30 ಆಗಸ್ಟ್ 2025

ಅವ್ವ,

ಅಜ್ಜಿ ಏನು ಕೇಳಿದಳು?

ನಿನ್ನ ಮಗಳು

*

ನಾಯಂಡಹಳ್ಳಿ
20 ಸೆಪ್ಟೆಂಬರ್ 2025

ಕೂಸಿಗೆ,

ಎರಡು ಶನಿವಾರ ಬರೀ ರೊಟ್ಟಿ ಕಳಿಸಿದೆ. ಗಂಟಿನಲ್ಲಿ ಕಾಗದ ಹುಡುಕಿದೆಯಂತೆ, ಶಿವಗಂಗಮ್ಮನವರು ಹೇಳಿದರು. ಬರೆದು ಬರೆದು ಹರಿದೆ. ಇವತ್ತು ಹರಿಯುವುದಿಲ್ಲ.

ನೀನು ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ಅತ್ತೆ ಹಾಸಿಗೆ ಹಿಡಿದಿದ್ದಳು. ಕೆಟ್ಟ ಅತ್ತೆಯಲ್ಲ ಅವಳು. ನನಗೆ ರೊಟ್ಟಿ ತಟ್ಟಲು ಕಲಿಸಿದವಳೇ ಅವಳು, ಸುಟ್ಟ ರೊಟ್ಟಿಯನ್ನೆಲ್ಲ ತಾನು ತಿಂದು ಒಳ್ಳೆಯದನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಆ ದಿನ ಹೊತ್ತು ಇಳಿಯುವ ಸಮಯ, ಬಾಗಿಲಿನಿಂದ ಬಿಸಿಲು ಅವಳ ಪಾದದವರೆಗೆ ಬಂದಿತ್ತು. ನಾನು ಕಾಲು ಒತ್ತುತ್ತಿದ್ದೆ. ಅವಳು ನನ್ನ ಕೈ ಹಿಡಿದಳು.

"ಗುರವ್ವ, ಒಂದ್ ಸಲ ನನ್ನ ಹೆಸರ ಹಿಡಿದು ಕರಿ ಯವ್ವಾ. ತವರಮನಿ ಬಿಟ್ಟ ಮ್ಯಾಲ ಯಾರೂ ಕರದಿಲ್ಲ. ಕೇಳಿ ಹೋಗತೀನಿ."

ಹೌದು, ಯಾರು ಕರೆಯುತ್ತಿದ್ದರು ಹೇಳು? ಗಂಡ 'ಏ ಇಕಿನ' ಎನ್ನುತ್ತಿದ್ದ. ಮಕ್ಕಳಿಗೆ ಅವ್ವ, ಓಣಿಯವರಿಗೆ ನಿನ್ನಪ್ಪನ ಅವ್ವ, ನನಗೆ ಅತ್ತಿ. ನಲವತ್ತು ವರ್ಷ ಒಂದು ಹೆಸರು ಯಾರ ಬಾಯಲ್ಲೂ ಇಲ್ಲದೆ ಹಾಗೇ ಇತ್ತು. ಮನೆಯಲ್ಲಿ ಆಗ ನಾವಿಬ್ಬರೇ. ನಾನು ಬಾಯಿ ತೆರೆದೆ. ಬರಲಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತು ಎಂದು ಹೆದರಿದೆ. "ಬ್ಯಾಡ ಅತ್ತಿ" ಎಂದೆ. ಅವಳು ನಕ್ಕು, "ಇರಲಿ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಮೂರನೆಯ ದಿನ ಹೋದಳು.

ನೀನು ಹುಟ್ಟಿದಾಗ ನಿನ್ನಪ್ಪ ತಾಯಿಯ ಹೆಸರನ್ನೇ ಇಟ್ಟ. ತೊಟ್ಟಿಲ ಸುತ್ತ ಎಲ್ಲರೂ ಆ ಹೆಸರು ಕೂಗಿದರು. ನಾನೊಬ್ಬಳು ಕೂಗಲಿಲ್ಲ. ಅವಳು ಕೇಳಿದಾಗ ಕೊಡದೆ ಉಳಿಸಿಕೊಂಡದ್ದನ್ನು ನಿನಗೆ ಹೇಗೆ ಕೊಡಲಿ? ಕೊಟ್ಟರೆ ಅವಳ ಪಾಲನ್ನು ಎತ್ತಿ ನಿನಗೆ ಬಡಿಸಿದ ಹಾಗಲ್ಲವೇ?

ನಿನ್ನ ಅವ್ವ

*

ಉಲ್ಲಾಳ
27 ಸೆಪ್ಟೆಂಬರ್ 2025

ಅವ್ವ,

ಕಾಗದ ಓದಿ ಬಹಳ ಹೊತ್ತು ಟೆರೇಸಿನ ಮೇಲೆ ಕೂತಿದ್ದೆ. ಒಣಹಾಕಿದ ಸೀರೆಗಳು ಗಾಳಿಗೆ ಉಬ್ಬುತ್ತಿದ್ದವು. ಒಂದರ ಹಿಂದೆ ಅಜ್ಜಿ ನಿಂತ ಹಾಗೆ ಅನಿಸಿತು. ನಾನು ನೋಡಿಯೇ ಇಲ್ಲದ ಅಜ್ಜಿ.

ನೀನು 13ನೇ ತಾರೀಕು ಬರದಿದ್ದರೂ ಪರವಾಗಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಅತಿಥಿಯಾಗಿ ಇನ್ನೆರಡು ವರ್ಷ ಇರುತ್ತೇನೆ, ಅಷ್ಟರಲ್ಲಿ ಬೇರೆ ದಾರಿ ಸಿಗುತ್ತದೆ. ನನಗೆ ಬೇಕಾದದ್ದನ್ನು ನಿನ್ನಿಂದ ಕಿತ್ತುಕೊಂಡರೆ ಅದು ನನ್ನದಾಗುವುದಿಲ್ಲ. ತಪ್ಪು ಮಾಡಿದೆ, ನಿನ್ನನ್ನು ಒಬ್ಬಳನ್ನೇ ಬಿಟ್ಟು ಬಂದೆ.

ಒಂದು ಮಾತು ಮಾತ್ರ ಗಣಿತದವಳಾಗಿ ಹೇಳುತ್ತೇನೆ. ಎರಡು ಬಾಣ ಒಂದೇ ಕಡೆ ಬಂದರೆ, ಒಂದು ಇನ್ನೊಂದರ ಪಾಲನ್ನು ತಿನ್ನುವುದಿಲ್ಲ. ಎರಡೂ ಪೂರ್ತಿಯಾಗಿಯೇ ತಲುಪುತ್ತವೆ.

ನಿನ್ನ ಮಗಳು

*

ನಾಯಂಡಹಳ್ಳಿ
11 ಅಕ್ಟೋಬರ್ 2025

ಮುತ್ತವ್ವಾ,

ನೋಡು, ಬರೆದೆ. ಬಾಯಿಂದ ಎತ್ತಬಾರದು ಎಂದಿದ್ದರು. ಕೈಯಿಂದ ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ. ಇಷ್ಟು ಕಾಗದ ಬರೆದರೂ ನನಗೆ ಇದು ಹೊಳೆದೇ ಇರಲಿಲ್ಲ.

ಮೊದಲು ಹಿಟ್ಟಿನಲ್ಲಿ ಬರೆದೆ. ಮುತ್ತವ್ವ, ಮುತ್ತವ್ವ ಎಂದು ಹಲಗೆ ತುಂಬ. ಆ ಹಿಟ್ಟನ್ನು ಚೆಲ್ಲಲು ಮನಸ್ಸಾಗದೆ ಅದರಲ್ಲೇ ರೊಟ್ಟಿ ತಟ್ಟಿದೆ. ಈ ಗಂಟಿನ ಮೇಲಿನ ಎರಡು ಅವೇ. ಒಂದು ನಿನ್ನದು. ಇನ್ನೊಂದನ್ನು ಹಾಸ್ಟೆಲಿನ ಮಾಳಿಗೆಯ ಮೇಲಿಡು, ಕಾಗೆಯೋ ಪಾರಿವಾಳವೋ ತಿನ್ನಲಿ. ಅದು ಅತ್ತೆಯದು.

ಬಾಯಿಗೆ ಇನ್ನೂ ಬಂದಿಲ್ಲ. ಆದರೆ ಸೋಮವಾರ ಬರುತ್ತೇನೆ. ಬೆಳಿಗ್ಗೆ ಹನ್ನೊಂದು ಗಂಟೆಗಲ್ಲವೇ?

ನಿನ್ನ ಅವ್ವ
ಗುರವ್ವ

*

ಉಲ್ಲಾಳ
14 ಅಕ್ಟೋಬರ್ 2025

ಅವ್ವ,

ನಿನ್ನೆ ನಿನ್ನನ್ನು ಮೆಟ್ರೋ ಹತ್ತಿಸಿ ಕ್ಲಾಸಿಗೆ ಓಡಿದೆ. ಮಾತಾಡಲು ಆಗಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮಲಿಂಗಪ್ಪ ಸಾಹೇಬರು "ಹೇಳಿ ಅಮ್ಮಾ, ನಿಧಾನಕ್ಕೆ ಹೇಳಿ, ನಂಗೇನ್ ಅರ್ಜೆಂಟಿಲ್ಲ" ಎಂದರು. ಫ್ಯಾನು ತಿರುಗುತ್ತಿತ್ತು. ನಿನ್ನ ಕೈ ಹಿಡಿಯೋಣವೆಂದುಕೊಂಡೆ, ಹಿಡಿಯಲಿಲ್ಲ. ನೀನು ಕಣ್ಣು ಮುಚ್ಚಿದೆ. ಹೇಳುತ್ತೀಯ ಎಂದುಕೊಂಡಿದ್ದೆ. ನೀನು ಹೇಳಲಿಲ್ಲ, ಕರೆದೆ. ಮನೆಯ ಬಾಗಿಲಲ್ಲಿ ನಿಂತು ಹೊಲದಲ್ಲಿರುವವರನ್ನು ಕೂಗುವ ಹಾಗೆ, ಅಷ್ಟು ಗಟ್ಟಿಯಾಗಿ ಕರೆದೆ. "ಮುತ್ತವ್ವಾ!"

ಪಕ್ಕದ ಟೇಬಲ್ಲಿನವರೂ ಎದ್ದು ನಿಂತರು. ನಾನು ತಿರುಗಿ ಬಾಗಿಲ ಕಡೆ ನೋಡಿದೆ. ನಿಜವಾಗಿ ಹೇಳುತ್ತೇನೆ ಅವ್ವ, ನಿನ್ನ ಬಾಯಲ್ಲಿ ಕೇಳಿ ಗೊತ್ತಿಲ್ಲದ ಹೆಸರಲ್ಲವೇ, ನನ್ನನ್ನೇ ಕರೆದದ್ದು ಎಂದು ಹೊಳೆಯಲಿಲ್ಲ. ಅಜ್ಜಿ ಬಂದಳು ಎಂದುಕೊಂಡೆ. ಬಾಗಿಲಲ್ಲಿ ಬಿಸಿಲಿತ್ತು, ಅಷ್ಟೆ.

"ನಿಮ್ನೇ ಕಣಮ್ಮಾ ಕರೀತಿರೋದು" ಎಂದು ಸಾಹೇಬರು ಬರೆದುಕೊಂಡರು. ಸಹಿ ಆಯಿತು. ಶಿಲ್ಪಾ ಎಂಬ ಬಾಣವನ್ನು ಇನ್ನು ಅಳಿಸಬಹುದು. ಪಾಪ, ಹದಿಮೂರು ವರ್ಷ ನನ್ನ ಜೊತೆ ಇದ್ದಳು, ಅವಳಿಂದ ಏನೂ ತೊಂದರೆಯಾಗಲಿಲ್ಲ. ಅನಘಾಗೆ ಇವತ್ತು ಹೇಳಿದೆ. "ಹಂಗಾದ್ರೆ ಈಗ ಫಂಕ್ಷನ್ ಆದ್ರಿ ಮಿಸ್" ಎಂದಳು.

ನನಗೆ ಒಂದೇ ಬೇಜಾರು. ಕರೆದವರಿಗೆ 'ಓ' ಎನ್ನಬೇಕು ಎಂದು ಕಲಿಸಿದವಳು ನೀನು. ನಿನ್ನೆ ನೀನು ಕರೆದಾಗ ನಾನು 'ಓ' ಎನ್ನಲಿಲ್ಲ.

ಶನಿವಾರ ಸಾಮಾನು ಸಮೇತ ಮನೆಗೆ ಬರುತ್ತೇನೆ. ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತಿರುತ್ತೇನೆ. ನೀನು ಒಳಗಿನಿಂದ ಎರಡು ಸಲ ಕರೆ. ಮೊದಲನೆಯದಕ್ಕೆ ನಾನು ಸುಮ್ಮನಿರುತ್ತೇನೆ, ಅಜ್ಜಿ 'ಓ' ಎನ್ನಲಿ. ಎರಡನೆಯದಕ್ಕೆ ನಾನು ಅನ್ನುತ್ತೇನೆ.

ನಿನ್ನ
ಮುತ್ತವ್ವ